ಕರಡಿ ಗುಡ್ಡದಲ್ಲಿ ಚೆಲ್ಲಿದ ಹೋಳಿಗೆ

ಗಂಗಾವತಿ ಸೀಮೆಯ ಬಂಡೆಗುಡ್ಡಗಳ ಕೆಳಗಿನ ಊರುಗಳಿಗೆ ಕರಡಿ ಕಾಟ ಹೊಸದಲ್ಲ. ಆದರೂ ಅಂಥದೊಂದು ಊರಿನ ಹೊಳಿಯಪ್ಪನ ಹೆಂಡತಿ ಫಕೀರಮ್ಮ ದಿನಾ ನಸುಕಿನಲ್ಲಿ ಒಬ್ಬಳೇ ಗುಡ್ಡ ಹತ್ತಿ ಕಟ್ಟಿಗೆ ತರುತ್ತಾಳೆ. ಮನೆಯ ಒಲೆ ಉರಿಯಬೇಕಲ್ಲ.

ಒಂದು ದಿನ ಅದೇ ಗುಡ್ಡಕ್ಕೆ ಆ ಊರಿನ ಶಿವಲೀಲಾ ತನ್ನ ಗೆಳತಿ ಶಬೀನಾಳ ಜೊತೆ ಬೆನ್ನಿಗೆ ಚೀಲ ಏರಿಸಿಕೊಂಡು ಹೊರಟಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಶಿವಲೀಲಾ ಈಗ ಅಕ್ಕಿ ಗಿರಣಿಯ ಆಫೀಸಿನಲ್ಲಿದ್ದಾಳೆ, ಶಬೀನಾ ಅರಣ್ಯ ಇಲಾಖೆಯ ಗಾರ್ಡ್. ಹೋಗುವ ದಾರಿ, ಮರಳುವ ಹೊತ್ತು ಎರಡನ್ನೂ ಶಬೀನಾ ಮನೆಯವರಿಗೆ ಹೇಳಿ ಬಂದಿದ್ದಳು. ತಿನ್ನುವ ಪದಾರ್ಥದ ಒಂದು ಚೂರೂ ಗುಡ್ಡದ ಮೇಲೆ ಬೀಳಬಾರದು ಎಂದು ಎಚ್ಚರಿಸಿದಳು. ರಜೆಯ ದಿನವೂ ಇವಳು ಡ್ಯೂಟಿ ಬಿಡುವುದಿಲ್ಲ ಎಂದು ಶಿವಲೀಲಾ ನಕ್ಕಳು.

ಮೇಲೆ ಹತ್ತಿದಾಗ ನಗು ನಿಂತಿತು. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತಿದ್ದವು. ಕೆಳಗೆ ತುಂಗಭದ್ರೆ, ಅದರಾಚೆ ಕಣ್ಣು ಹೋದಷ್ಟು ದೂರ ಭತ್ತದ ಹಸಿರು. ಹುಟ್ಟಿದಾಗಿನಿಂದ ಈ ಗುಡ್ಡವನ್ನು ನೋಡಿದ್ದೇನೆ ಎಂದುಕೊಂಡಿದ್ದ ಶಿವಲೀಲಾ ಈಗ ಮೊದಲ ಸಲ ನೋಡುವವಳಂತೆ ಸುತ್ತಲೂ ತಿರುಗಿ ತಿರುಗಿ ನೋಡಿದಳು.

ಇಳಿಯುವಾಗ, ಫಕೀರಮ್ಮ ಕಟ್ಟಿಗೆ ಒಟ್ಟುವ ಬಂಡೆಯ ನೆರಳಿನಲ್ಲಿ ಗೆಳತಿಯರಿಬ್ಬರೂ ಬುತ್ತಿ ಬಿಚ್ಚಿದರು. ಶಬೀನಾ ಕೈ ತೊಳೆಯಲು ಅತ್ತ ಹೋದಳು. ಬಯಲಲ್ಲಿ ಉಣ್ಣುವಾಗ ಭೂಮಿತಾಯಿಯ ಪಾಲೆಂದು ಒಂದಿಷ್ಟು ಚರಗ ಚೆಲ್ಲದೆ ಶಿವಲೀಲಾ ಬಾಯಿಗೆ ತುತ್ತಿಟ್ಟವಳಲ್ಲ. ಅವ್ವ ಕಳಕಮ್ಮ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯೊಂದನ್ನು ಮುರಿದು ನಾಲ್ಕು ದಿಕ್ಕಿಗೂ ಎಸೆದಳು. ಶಬೀನಾಳಿಗೆ ಹೇಳಲಿಲ್ಲ.

ಉಂಡು ನೂರು ಹೆಜ್ಜೆ ಇಳಿದಿರಬೇಕು, ಹಿಂದೆ ಏನೋ ಸರಿದ ಸದ್ದಾಯಿತು. ತಿರುಗಿದರೆ ಬಂಡೆಯ ಬಳಿ ಕರಡಿ! ಅದರ ಬೆನ್ನ ಮೇಲೆ ಎರಡು ಮರಿ, ಇವರು ಚೀಲ ಹೊತ್ತಂತೆಯೇ. ತಾಯಿ ನೆಲ ಮೂಸಿ ಮೂಸಿ ಹೋಳಿಗೆ ನೆಕ್ಕುತ್ತಿತ್ತು. ಶಿವಲೀಲಾಳಿಗೆ ಕಣ್ಣು ಕೀಳಲಾಗಲಿಲ್ಲ.

"ಓಡಬ್ಯಾಡ, ಚೀರಬ್ಯಾಡ," ಶಬೀನಾ ಪಿಸುಗುಟ್ಟಿದಳು. "ಅದರ ಕಡೀನ ನೋಡಕೋತ ಸಾವಕಾಶ ಹಿಂದ ಸರಿ."

ಸಾಕಷ್ಟು ದೂರ ಬಂದ ಮೇಲೆ ಶಿವಲೀಲಾ ತಪ್ಪು ಒಪ್ಪಿಕೊಂಡಳು. ಶಬೀನಾ ಬೈಯಲಿಲ್ಲ.

"ಅದಕ್ಕ ಬೆಲ್ಲದ ರುಚಿ ಹತ್ತೇತಿ, ಮತ್ತ ಹುಡಿಕ್ಕೊಂಡು ಬರತೈತಿ. ನಾಳೆ ನಸುಕಿನ್ಯಾಗ ಅಲ್ಲಿ ಇರಾಕಿ ನೀ ಅಲ್ಲ, ಫಕೀರಮ್ಮ."

ಶಿವಲೀಲಾ ನೆಟ್ಟಗೆ ಹೊಳಿಯಪ್ಪನ ಮನೆಗೆ ನಡೆದಳು. ನಾಚಿಕೆಯಿಂದ ತಲೆ ಎತ್ತಲಾಗದಿದ್ದರೂ ನಡೆದದ್ದನ್ನೆಲ್ಲ ಫಕೀರಮ್ಮನಿಗೆ ಹೇಳಿದಳು. "ಹದಿನೈದು ದಿನ ಆ ಕಡೆ ಹೋಗಬ್ಯಾಡ್ರಿ ಯವ್ವಾ. ನಿಮ್ಮ ಒಲಿಗೆ ಕಟ್ಟಿಗಿ ನಾ ತಂದ ಹಾಕತೀನಿ," ಎಂದಳು.

ಮನೆಗೆ ಬಂದ ಮಗಳು ಅಷ್ಟು ಹೆದರಿದ್ದನ್ನು ಕಂಡರೂ ಕಳಕಮ್ಮ ಮೊದಲು ನಂಬಲಿಲ್ಲ. ಭೂಮಿತಾಯಿಗೆ ಕೊಟ್ಟದ್ದರಿಂದ ಯಾರಿಗೆ ಕೇಡು ಎಂದು ವಾದಿಸಿದಳು. ಮರುದಿನ ಬೆಳಿಗ್ಗೆ ಶಬೀನಾ ಫೋನ್ ಮಾಡಿದಳು. ಬಂಡೆಯ ಸುತ್ತ ಕರಡಿಯ ಹೊಸ ಹೆಜ್ಜೆಗಳಿದ್ದವು, ಫಕೀರಮ್ಮನ ಕಟ್ಟಿಗೆ ರಾಶಿ ಚೆಲ್ಲಾಪಿಲ್ಲಿಯಾಗಿತ್ತು. ಸುದ್ದಿ ಕೇಳಿದ ಕಳಕಮ್ಮ ಮಗಳ ಪಕ್ಕಕ್ಕೆ ಬಂದು ಕೂತಳು.

"ಇನ್ನ ಮ್ಯಾಲೆ ಚರಗ ನಮ್ಮ ಹೊಲದಾಗ ಚೆಲ್ಲೂಣು," ಎಂದಳು. "ಗುಡ್ಡ ಕರಡೀದು."

ಗುಡ್ಡಕ್ಕೆ ಹೊರಟವರೇ, ಹೋಗಿ, ಕಣ್ತುಂಬ ನೋಡಿ, ಹೊತ್ತಿರುವಾಗಲೇ ಇಳಿದು ಬನ್ನಿ. ಆದರೆ ಬುತ್ತಿಯ ಕೊನೆಯ ಚೂರನ್ನೂ ಚೀಲದಲ್ಲಿ ಕಟ್ಟಿಕೊಂಡು ತನ್ನಿ. ನೀವು ಮನೆ ಸೇರಿದ ಮೇಲೂ ಆ ದಾರಿಯಲ್ಲಿ ಯಾರದೋ ತಾಯಿ ಕಟ್ಟಿಗೆಗೆ ಹೋಗುತ್ತಾಳೆ.