ಅತ್ತೆಯ ಎಡಗಾಲು

ನಮ್ಮ ‘ಬಿಸಿ ಇಸ್ತ್ರಿ’ ಬ್ಯಾಂಡನ್ನು ಕಟ್ಟಿದ್ದು ಯಾರು ಎಂದು ಕೇಳಿದರೆ ಗಾಯಕ ಈಗಲೂ ತನ್ನ ಎದೆ ಮುಟ್ಟಿಕೊಳ್ಳುತ್ತಾನೆ. ಶುದ್ಧ ಸುಳ್ಳು. ಕಟ್ಟಿದ್ದು ನನ್ನ ಅತ್ತೆ, ಅಪ್ಪನ ತಂಗಿ. ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ, ಸಂಜೆ ಬಾಗಿಲು ಎಳೆದ ಮೇಲೆ ಅದೇ ಮೇಜಿಗೆ ಒರಗಿ ಬಾಸ್ ಗಿಟಾರ್ ಹಿಡಿಯುತ್ತಿದ್ದಳು. ನಾನು ಡ್ರಮ್ಸ್. ಟ್ರಂಪೆಟ್ ಊದುವವರು ಬಟ್ಟೆಯ ಗಂಟುಗಳ ಮೇಲೆ ಕೂರುತ್ತಿದ್ದರು.

“ನಾವು ನುಡಿಸೋ ಈ ಫಂಕ್ ಸಂಗೀತ ಅಂದ್ರೆ ಇಷ್ಟೇ ಕಣ್ರೋ,” ಎನ್ನುತ್ತಿದ್ದಳು. “ಊರೆಲ್ಲ ಸುತ್ತಿ, ಯಾರು ಬೇಡ ಅಂದ್ರು? ತಾಳದ ಒಂದನೇ ಏಟಿಗೆ ಮಾತ್ರ ಎಲ್ಲರೂ ಮನೇಲಿರಬೇಕು.”

ಆ ಒಂದನೇ ಏಟು ಅವಳ ಎಡಗಾಲಿನ ಚಪ್ಪಲಿಯದು. ಬೇರೆಯವರಂತೆ ನಾವು ಒಂದು, ಎರಡು ಎಂದು ಎಣಿಸುತ್ತಿರಲಿಲ್ಲ. ಚಪ್ಪಲಿ ನೆಲಕ್ಕೆ ಬಡಿಯಿತೆಂದರೆ ಏಳೂ ಜನ ಒಟ್ಟಿಗೆ ನುಗ್ಗುತ್ತಿದ್ದೆವು.

ಮೊದಲು ಬಸ್ ಡಿಪೋದ ಕ್ಯಾಂಟೀನು, ಆಮೇಲೆ ಹೋಟೆಲು, ಆಮೇಲೆ ರೇಡಿಯೊ. ಮೂರನೇ ವರ್ಷಕ್ಕೆ, ನಮ್ಮ ಮುಂದೆ ಕೂತವರು ಕುಣಿಯದೆ ಕೂತೇ ಇದ್ದದ್ದು ಒಂದು ದಿನವೂ ಇಲ್ಲ. ಕೊಚ್ಚಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಆಗ ರೆಕಾರ್ಡ್ ಕಂಪನಿಯ ಮ್ಯಾನೇಜರು ಬಂದ. “ಎಲ್ಲ ಚೆನ್ನಾಗಿದೆ. ಆ ಅಮ್ಮನ್ನ ಬಿಟ್ಟು ಬನ್ನಿ. ಪೋಸ್ಟರಿಗೆ ಯಂಗ್ ಮುಖ ಬೇಕು,” ಎಂದ. ನಾವು ನೆಲ ನೋಡುತ್ತ ಸಹಿ ಹಾಕಿದೆವು. ಹತ್ತಿದ ಏಣಿಯನ್ನು ಒದೆಯುವುದು ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಅತ್ತೆಗೆ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಅವಳು ಇಸ್ತ್ರಿ ನಿಲ್ಲಿಸಲಿಲ್ಲ. “ಅಂಗಿ ಬಿಚ್ಚಿಕೊಡು, ಕಾಲರ್ ಮುದುರಿದೆ. ದೊಡ್ಡ ಸ್ಟೇಜಿಗೆ ಹೀಗೇ ಹೋಗ್ತೀಯಾ?” ಎಂದಳು.

ಹೊಸ ಬಾಸ್ ಗಿಟಾರಿನವನ ಜೊತೆ ಅಭ್ಯಾಸ ಮಾಡುವಾಗ ಮ್ಯಾನೇಜರೇ ಚಪ್ಪಾಳೆ ತಟ್ಟಿ ಶುರು ಮಾಡಿಸುತ್ತಿದ್ದ. ವೇದಿಕೆಯ ಮೇಲೆ ಯಾರು ಶುರು ಮಾಡಬೇಕೆಂದು ಒಬ್ಬರೂ ಕೇಳಲಿಲ್ಲ.

ಎರಡು ಸಾವಿರ ಜನ. ದೀಪ ಹತ್ತಿತು. ಹೊಸಬ ನನ್ನ ಮುಖ ನೋಡಿದ, ನಾನು ಗಾಯಕನ ಮುಖ, ಅವನು ಟ್ರಂಪೆಟ್‌ನವರ ಮುಖ. ನಾವೆಲ್ಲ ಚಪ್ಪಲಿಗೆ ಕಾಯುತ್ತಿದ್ದೆವು! ಕೋಲು ಎತ್ತಿದ ನನ್ನ ಕೈ ಇಳಿಯಲೇ ಇಲ್ಲ. ಸಭೆ ಕೆಮ್ಮತೊಡಗಿತು. ಮೈಕು ಸರಿಯಿಲ್ಲ ಎಂದು ಮ್ಯಾನೇಜರು ಕೂಗಾಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಾನು ಕೋಲುಗಳನ್ನಿಟ್ಟು ಮೈಕಿನ ಹತ್ತಿರ ಹೋದೆ. “ನಮ್ಮತ್ತೆ ಇಲ್ದೆ ನಮಗೆ ಶುರು ಮಾಡೋಕೆ ಬರಲ್ಲ. ಅವಳನ್ನ ಬಿಟ್ಟು ಬಂದಿದ್ದು ತಪ್ಪಾಯ್ತು.”

“ಇಲ್ಲೇ ಇದ್ದೀನಿ ಕಣೋ!” ಏಳನೇ ಸಾಲಿನಿಂದ ದನಿ ಬಂತು. “ಇಷ್ಟು ಜನರನ್ನ ಕಾಯಿಸ್ತೀರಲ್ಲ, ನಾಚಿಕೆ ಆಗಲ್ವಾ?”

ಟಿಕೆಟ್ ಕೊಂಡು ಬಂದಿದ್ದಳು ಪುಣ್ಯಾತ್ಗಿತ್ತಿ. ಹೊಸಬನೇ ಗಿಟಾರನ್ನು ಅವಳ ಕೈಗಿತ್ತು ಪಕ್ಕಕ್ಕೆ ಸರಿದ. ಎಡಗಾಲು ಬಿತ್ತು. ಎರಡು ಸಾವಿರ ಜನ ಎದ್ದರು.

ಕಂಪನಿ ಒಪ್ಪಂದ ಹರಿದುಹಾಕಿತು, ರೇಡಿಯೊ ನಮ್ಮನ್ನು ಮರೆಯಿತು. ಈಗ ಶನಿವಾರ ಸಂಜೆ ಮತ್ತೆ ಅದೇ ಡಿಪೋದ ಕ್ಯಾಂಟೀನಿನಲ್ಲಿ ನುಡಿಸುತ್ತೇವೆ. ಅಲ್ಲಿಯೂ ಯಾರೂ ಕೂರುವುದಿಲ್ಲ.

ಅತ್ತೆಗೆ ಎಪ್ಪತ್ತೊಂದು. ಕುರ್ಚಿಯ ಮೇಲೆ ಕೂತು ನುಡಿಸುತ್ತಾಳೆ. ಹೋದ ವಾರ ಮಂಡಿ ಹಿಡಿದುಕೊಂಡಿತು, ಕಾಲು ಎತ್ತಲಾಗಲಿಲ್ಲ. ನನ್ನತ್ತ ತಿರುಗಿ, “ಇವತ್ತು ಒಂದನೇ ಏಟು ನೀನೇ ಹಾಕೋ,” ಎಂದಳು.

ನನ್ನ ಎಡಗಾಲನ್ನು ನೆಲಕ್ಕೆ ಬಡಿದೆ. ಎಲ್ಲರೂ ಮನೆಯಲ್ಲಿದ್ದರು.