ಟ್ರಂಕಿನ ತಳದ ರಾಣಿ

ಉಡಿದಾರ ಕತ್ತರಿಸಿದ್ದೇ ತಡ, ಹೆಣದ ಸೊಂಟದಿಂದ ಬೀಗದ ಕೈಯೊಂದು ಜಾರಿ ಚಪ್ಪಡಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಮುನಿಆಂಜನಪ್ಪನಿಗೆ ಕೊನೆಯ ನೀರು ಹಾಕುತ್ತಿದ್ದವರು ಚೊಂಬು ಹಿಡಿದಲ್ಲೇ ನಿಂತರು.

"ನೋಡ್ರಪ್ಪಾ, ಬಾವ ಹೋದ್ರೂ ಬೀಗ ಹೋಗ್ಲಿಲ್ಲ," ಎಂದು ಸಂಜೀವಪ್ಪ ಬೀಗದ ಕೈಯನ್ನು ಎತ್ತಿ ಟವೆಲಿಗೆ ಒರೆಸಿದ. ಅವನು ಸತ್ತವನ ಹೆಂಡತಿ ಮುನಿಗಂಗಮ್ಮನ ತಮ್ಮ. ಸಾವಿನ ಮನೆಯಲ್ಲೂ ನಾಲಿಗೆಗೆ ರಜೆ ಕೊಡುವವನಲ್ಲ.

ಅದು ಯಾವ ಬೀಗದ್ದೆಂದು ಯಾರೂ ಕೇಳಬೇಕಿರಲಿಲ್ಲ. ಕೋಣೆಯಲ್ಲಿದ್ದ ಕಬ್ಬಿಣದ ಟ್ರಂಕು ದೊಮ್ಮಲೂರಿನ ಆ ಬೀದಿಗೆಲ್ಲ ಪರಿಚಿತ. ಅದರ ತುಂಬ ಮುನಿಆಂಜನಪ್ಪ ಕೈಯಲ್ಲೇ ಹೊಲಿದ ರಾಜರ ಕಾಲದ ಉಡುಪುಗಳು: ಸಾಮಂತರ ಕಬಾಯಿ, ಚೂಪು ಟೋಪಿ, ಸಿಪಾಯಿಗಳ ಕೆಂಪು ಕೋಟು. ರಾಜ್ಯೋತ್ಸವ ಬಂದರೆ ಬಡಾವಣೆಯ ಹುಡುಗರು ಕೇಳಿ ಒಯ್ಯುತ್ತಿದ್ದರು. ಕೇಳಿದವರಿಗೆಲ್ಲ ಕೊಡುವ ಬಟ್ಟೆಗೆ ಬೀಗ ಯಾಕೆ, ಆ ಬೀಗದ ಕೈ ಸೊಂಟದಲ್ಲಿ ಯಾಕೆ ಎಂಬುದಷ್ಟೇ ಯಾರಿಗೂ ಗೊತ್ತಿರಲಿಲ್ಲ.

"ಹೊಲ ಲೇಔಟಿಗೆ ಹೋಯ್ತು, ಬಾವ ಹೊಲಿಗೆಗೆ ಹೋದ್ರು," ಎನ್ನುತ್ತ ಸಂಜೀವಪ್ಪ ಒಳಗೆ ನಡೆದ. ಆಮೇಲೆ ಮೂಗಿನಲ್ಲಿ ಮಾತಾಡುವ ಬಾವನ ದನಿಯನ್ನೇ ತೆಗೆದ. "'ಮಿಷನ್ ಯಾಕಪ್ಪಾ? ರಾಜರ ಕಾಲದಲ್ಲಿ ಮಿಷನ್ ಇತ್ತಾ?'"

ಮೂಲೆಯಲ್ಲಿ ಇಬ್ಬರು ಸೆರಗು ಕಚ್ಚಿ ನಕ್ಕರು. ಹೊಸ ಪಂಚೆ ಹುಡುಕುವ ನೆಪದಲ್ಲಿ ಟ್ರಂಕು ತೆರೆಯಿತು. ಸ್ವಲ್ಪ ಹೊತ್ತಿಗೆ ಅವನು ಎರಡೇ ಬೆರಳಲ್ಲಿ ಏನನ್ನೋ ಹಿಡಿದುಕೊಂಡು ನಡುಮನೆಗೆ ಬಂದ. ಈಗ ಯಾರ ದನಿಯನ್ನೂ ತೆಗೆಯಲಿಲ್ಲ.

"ಅಕ್ಕಾ, ರಾಜರೆಲ್ಲ ಮೇಲಿದ್ರು. ಇದು ತಳದಲ್ಲಿತ್ತು. ಪೇಪರ್ ಸುತ್ತಿಟ್ಟಿದ್ರು."

ದಾಳಿಂಬೆ ಬಣ್ಣದ ರೇಷ್ಮೆಯ ನಿಲುವಂಗಿ. ಎದೆಯ ಹತ್ತಿರ ರವಿಕೆಯಷ್ಟು ಬಿಗಿ, ಸೊಂಟದಿಂದ ಕೆಳಗೆ ಕೊಡೆ ಬಿಚ್ಚಿದಂತೆ ನೆರಿಗೆ. ಹಳೆಯ ಅರಮನೆಯ ರಾಣಿಯರು ತೊಡುವಂಥದ್ದು.

ಮುನಿಗಂಗಮ್ಮ ಇದೇನು ಎಂದು ಕೇಳಲಿಲ್ಲ. ಅದನ್ನು ಅವಳು ಹಿಂದೊಮ್ಮೆ ನೋಡಿದ್ದಳು.

"ಎತ್ತೋ ಹಂಗಿಲ್ಲ," ಎಂದಳು.

"ಏನನ್ನ ಅಕ್ಕಾ?"

"ಅವರನ್ನ. ಇದನ್ನ ತೊಟ್ಕೊಂಡೋಳು ಯಾರು ಅಂತ ಗೊತ್ತಾಗೋವರ್ಗೂ ಈ ಬಾಗಿಲಿಂದ ಹೆಣ ಎತ್ತೋ ಹಂಗಿಲ್ಲ. ಶಿವಾಜಿನಗರದ ಬಷೀರ್ ಟೈಲರ್‌ಗೆ ಫೋನ್ ಮಾಡ್ಸು."

*

ಒಂಬತ್ತು ವರ್ಷದ ಹಿಂದೆ, ತೊಂಬತ್ತನಾಲ್ಕರ ಒಂದು ಭಾನುವಾರ, ಮುನಿಆಂಜನಪ್ಪ ಎಂದಿನಂತೆ ಕೈಚೀಲ ಹಿಡಿದು ಶಿವಾಜಿನಗರದ ಬಸ್ಸನ್ನು ಹಿಂದಿನ ಬಾಗಿಲಿನಿಂದ ಹತ್ತಿದ. ತಲೆ ತುಂಬ ಸೆರಗು ಹೊದ್ದ ಮುನಿಗಂಗಮ್ಮ ಅದೇ ಬಸ್ಸನ್ನು ಮುಂದಿನ ಬಾಗಿಲಿನಿಂದ ಹತ್ತಿದಳು. ಗಂಡಸರ ಸೀಟಿಗೂ ಹೆಂಗಸರ ಸೀಟಿಗೂ ನಡುವೆ ಅಷ್ಟು ಜನ ನಿಂತಿದ್ದದ್ದು ಅವಳ ಪುಣ್ಯ.

ದಾರ ತರಲು ಪ್ರತಿ ಭಾನುವಾರ ಹೋಗಬೇಕೇ? ಉಂಡೆ ದಾರ ಒಂದು ವಾರಕ್ಕೆ ಮುಗಿಯುತ್ತದೆಯೇ? ವರ್ಷದಿಂದ ಅವಳನ್ನು ಕೊರೆಯುತ್ತಿದ್ದ ಲೆಕ್ಕ ಇದೊಂದೇ.

ಗಂಡ ಒಳಹೊಕ್ಕ ಬಷೀರನ ಅಂಗಡಿಯ ಎದುರು, ಹೂವಿನವಳ ಪಕ್ಕದಲ್ಲಿ ನಿಂತಳು. ಕೆಳಗೆ ಬಷೀರ್ ಬಟ್ಟೆ ಕತ್ತರಿಸುತ್ತಿದ್ದ. ಮಹಡಿಯ ಕಿಟಕಿಯ ಪರದೆ ಗಾಳಿಗೆ ಸರಿಯಿತು. ದಾಳಿಂಬೆ ಬಣ್ಣದ ಬೆನ್ನು. ತಲೆಯ ಮೇಲೆ ತೆಳು ಮುಸುಕು. ನಿಧಾನವಾಗಿ ತಿರುಗತೊಡಗಿದಾಗ ನೆರಿಗೆಗಳೆಲ್ಲ ಅರಳಿಕೊಂಡವು. ಮುಖ ಈ ಕಡೆ ಬರುವಷ್ಟರಲ್ಲಿ ಮುನಿಗಂಗಮ್ಮ ತನ್ನ ಮುಖವನ್ನೇ ತಿರುಗಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಅಂದೇ ಅವಳ ಚಾಪೆ ಮಗಳು ಹಂಸಳ ಕೋಣೆಗೆ ಹೋಯಿತು.

"ಸೆಕೇನಾ?" ಎಂದು ಮುನಿಆಂಜನಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಹ್ಞೂಂ, ಸೆಕೆ."

ಅದು ಡಿಸೆಂಬರ್ ತಿಂಗಳು. ಮತ್ತೆ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

*

ಹನ್ನೊಂದಾಯಿತು. ಚಟ್ಟ ಕಟ್ಟಿ ಮುಗಿಯಿತು. ತಮಟೆಯವರು ಎರಡನೇ ಸಲ ಟೀ ಕುಡಿದರು. ಮುನಿಗಂಗಮ್ಮ ಗಂಡನ ತಲೆಯ ಬಳಿ ಕೂತು, ಬಂದು ಅತ್ತವರನ್ನೆಲ್ಲ ಅಳೆದಳು. ಹಿಂದೆ ಅವನು ಕೆಲಸಕ್ಕಿದ್ದ ಕಾರ್ಖಾನೆಯ ಆದಿಲಕ್ಷ್ಮಿ ಹಾರ ಹಾಕಲು ಬಗ್ಗಿದಾಗ ಅವಳ ಭುಜದ ಮೇಲೆ ಕಣ್ಣಿಟ್ಟಳು. ಸಣ್ಣ ಭುಜ, ಅಲ್ಲ. ಹಿಂದಿನ ಬೀದಿಯ ಧನಲಕ್ಷ್ಮಿ? ಎತ್ತರ ಸಾಲದು. ಒಬ್ಬೊಬ್ಬರೇ ಅಳುತ್ತ ಬಂದರು, ಅಳತೆಗೆ ಸಿಗದೆ ಹೋದರು.

"ಇದೇನೇ ಗಂಗೀ ನಿನ್ನ ರಂಪ? ರಾಹುಕಾಲ ಬರ್ತದೆ," ಎಂದು ಸತ್ತವನ ಅಕ್ಕ ಪಟಾಲಮ್ಮ ಗದರಿದಳು. "ಬದುಕಿದ್ದಾಗ ಕೇಳ್ದೆ ಇದ್ದೋಳು ಈಗ ಹೆಣದ ಹತ್ರ ಜವಾಬು ಕೇಳ್ತೀಯಾ?"

"ಹೆಣದ ಹತ್ರ ಅಲ್ಲ ಅತ್ಗೆ. ಅಗೋ, ಬಂದ್ರು."

ಬಷೀರ್ ಚಪ್ಪಲಿ ಬಿಟ್ಟು, ಟೋಪಿ ಸರಿಮಾಡಿಕೊಂಡು ಒಳಗೆ ಬಂದ. ಹೆಣದ ಮುಂದೆ ನಿಂತು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಎದುರಿಗೆ ದಾಳಿಂಬೆ ಬಣ್ಣವಿತ್ತು. ಅವನ ಕೈ ತಾನೇ ಹಿಂದಕ್ಕೆ ಸರಿದದ್ದನ್ನು ಮುನಿಗಂಗಮ್ಮ ಗಮನಿಸಿದಳು.

"ಹಂಸಾ, ಬಾಗಿಲಲ್ಲಿ ನಿಂತ್ಕೋ. ಬನ್ನಿ ಬಷೀರ್ ಸಾಬ್ರೇ."

ಕೋಣೆಯೊಳಗೆ ಅವಳು ದನಿ ಎತ್ತಲಿಲ್ಲ. "ನಾನು ನೋಡಿದೀನಿ. ನಿಮ್ಮ ಮಹಡಿ ಕಿಟಕೀಲಿ. ಯಾರವಳು? ಹೆಸರು ಹೇಳಿ, ಸಾಕು. ಜಗಳಕ್ಕೆ ಬರಲ್ಲ."

"ಅಮ್ಮಾ, ಅಲ್ಲಾ ಕಸಂ, ನನ್ ಮಹಡಿ ಮೇಲೆ ಯಾವ ಹೆಂಗ್ಸೂ ಬಂದಿಲ್ಲ."

"ನನ್ನ ಕಣ್ಣೇ ಸುಳ್ಳಾ?"

ಬಷೀರ್ ಬಾಗಿಲ ಕಡೆ ನೋಡಿದ. ಟ್ರಂಕಿನ ಕಡೆ ನೋಡಿದ. ನೋಡಲು ಇನ್ನೇನೂ ಉಳಿಯದಾಗ ನಿಲುವಂಗಿಯನ್ನು ತೆಗೆದುಕೊಂಡು ಎರಡು ಭುಜಗಳಲ್ಲಿ ಹಿಡಿದೆತ್ತಿದ.

"ಭುಜ ನೋಡಿ ಅಮ್ಮಾ. ನಾನು ಹೇಳೋದಿಲ್ಲ. ನೀವೇ ನೋಡಿ."

ಅಗಲ ಭುಜ. ಎಡಗಡೆಯದು ಬಲಗಡೆಯದಕ್ಕಿಂತ ಅರ್ಧ ಬೆರಳು ಕೆಳಗೆ. ಕೈತಪ್ಪಿ ಆದದ್ದಲ್ಲ, ಇಳಿಜಾರಿಗೆ ತಕ್ಕಂತೆ ಜೋಪಾನವಾಗಿ ಕತ್ತರಿಸಿ ಹೊಲಿದದ್ದು. ಹದಿನಾರನೇ ವಯಸ್ಸಿನಿಂದ ಸೊಪ್ಪಿನ ಮೂಟೆಯನ್ನು ಎಡ ಹೆಗಲ ಮೇಲೆ ಹೊತ್ತು ಮಾರ್ಕೆಟ್ಟಿಗೆ ನಡೆದ ಒಬ್ಬ ಮನುಷ್ಯನಿಗೆ ಮಾತ್ರ ಅಂಥ ಭುಜವಿತ್ತು. ಎಣ್ಣೆ ಹಚ್ಚಿ ಆ ಭುಜವನ್ನು ತಿಕ್ಕಿದವಳು ಅವಳೇ.

ಮುನಿಗಂಗಮ್ಮ ಟ್ರಂಕಿನ ಮೇಲೆ ಕೂತುಬಿಟ್ಟಳು.

"ಅರ್ಧ ಗಂಟೆ ಕನ್ನಡಿ ಮುಂದೆ ನಿಲ್ಲೋರು. ಆಮೇಲೆ ಬಿಚ್ಚಿ, ಮಡಚಿ, ಒಂದು ಚಾ ಕುಡ್ದು ಬಸ್ ಹತ್ತೋರು. ಅಷ್ಟೇ ಅಮ್ಮಾ."

"ಯಾಕೆ?"

"ಒಂದ್ಸಲ ಕೇಳ್ದೆ. 'ರಾಜನ ಬಟ್ಟೆ ಹಾಕೊಂಡ್ರೆ ನಾಟಕ ಅನ್ಸುತ್ತೆ ಬಷೀರ್, ಇದ್ರಲ್ಲಿ ಅನ್ಸಲ್ಲ' ಅಂದ್ರು."

ಹೊರಗೆ ಯಾರೋ ಹೊತ್ತಾಯಿತೆಂದು ಕೂಗಿದರು.

"ನಾನು ಬೇರೆ ಮಲಗಿದ್ದು ಯಾಕೆ ಅಂದ್ಕೊಂಡಿದ್ರು?" ಎಂದು ಅವಳು ನೆಲಕ್ಕೆ ಕೇಳಿದಂತೆ ಕೇಳಿದಳು.

"'ಗಂಗಮ್ಮಂಗೆ ಗೊತ್ತಾಗಿದೆ ಬಷೀರ್' ಅಂತಿದ್ರು. 'ಗೊತ್ತಿದ್ರೂ ಬಿಸಿ ಬಿಸಿ ಊಟ ಬಡಿಸ್ತಾಳೆ. ದೊಡ್ಡ ಮನಸ್ಸು' ಅಂತಿದ್ರು."

ಅವಳು ನಿಲುವಂಗಿ ಹಿಡಿದು ನಡುಮನೆಗೆ ಬಂದಳು.

"ಯಾರದಂತೆ ಅಕ್ಕಾ?" ಎಂದ ಸಂಜೀವಪ್ಪ.

"ನಂದು."

"ನಿಂದಾ!" ಪಟಾಲಮ್ಮ ನಿಲುವಂಗಿಯನ್ನು ನೋಡಿದಳು, ಕಡ್ಡಿಯಂತಿದ್ದ ತಮ್ಮನ ಹೆಂಡತಿಯನ್ನು ನೋಡಿದಳು. "ಇದ್ರಲ್ಲಿ ನಿನ್ನಂಥೋರು ಇಬ್ಬರು ಹಿಡಿಸ್ತಾರಲ್ಲೇ."

"ಮುಂದೆ ದಪ್ಪಗಾಗ್ತೀನಿ ಅಂದ್ಕೊಂಡಿದ್ರು ಅತ್ಗೆ. ನಾನೇ ಆಗ್ಲಿಲ್ಲ."

ಸಂಜೀವಪ್ಪ ಬಷೀರನ ಮುಖ ನೋಡಿದ. ಅಕ್ಕನ ಮುಖ ನೋಡಿದ. ಯಾವ ಮುಖದಲ್ಲೂ ಏನೂ ಸಿಗಲಿಲ್ಲ. ಅವನ ಸಂಶಯ ಮಾತ್ರ ಹಣೆಯ ಮೇಲೆ ಗಂಟಾಗಿಯೇ ಉಳಿಯಿತು.

"ಸರಿ, ಎತ್ತೋಣ್ವಾ?"

"ಇದನ್ನ ಅವರಿಗೆ ಹೊದಿಸಿ ಎತ್ತಿ."

"ಬುದ್ಧಿ ಕೆಟ್ಟಿತಾ ನಿಂಗೆ?" ಪಟಾಲಮ್ಮ ಅಡ್ಡ ನಿಂತಳು. "ಹೊಲಿಗೆ ಬಿದ್ದ ಬಟ್ಟೆ ಹೆಣದ ಮೈಮೇಲೆ ಹೋಗೋ ಹಂಗಿಲ್ಲ. ಇಡೀ ಬಟ್ಟೆ ಆಗ್ಬೇಕು."

ಮುನಿಗಂಗಮ್ಮ ವಾದ ಮಾಡಲಿಲ್ಲ. ಗಂಡನ ಪಕ್ಕದಲ್ಲಿ ಕಾಲು ಚಾಚಿ ಕೂತಳು. ನಿಲುವಂಗಿಯನ್ನು ಮಡಿಲಿಗೆ ಎಳೆದುಕೊಂಡಳು.

"ಹಂಸಾ, ನಿಮ್ಮಪ್ಪನ ಶೇವಿಂಗ್ ಬ್ಲೇಡ್ ತಗೊಂಬಾ."

ಹಿಂದೆ ಹೋಗಿ ಮುಂದೆ ಬರುವ ಕೈಹೊಲಿಗೆ. ಒಂದು ಕಿತ್ತರೆ ಮುಂದಿನದು ಬಿಟ್ಟುಕೊಡುವುದಿಲ್ಲ. ಒಂದೊಂದನ್ನೂ ಬೇರೆಯಾಗಿಯೇ ಕತ್ತರಿಸಬೇಕು. ತೋಳು ಬಿಡಿಸಲು ಕಾಲು ಗಂಟೆ ಹಿಡಿಯಿತು. ಸೊಂಟದ ಪಟ್ಟಿಯಲ್ಲಿ ಅವಳು ತಡವರಿಸಿದಾಗ ಬಷೀರ್ ದೂರದಿಂದಲೇ, "ಒಳಗಡೆ ಗಂಟಿದೆ ಅಮ್ಮಾ, ಎಡಕ್ಕೆ," ಎಂದ. ಆಮೇಲೆ ಪಟಾಲಮ್ಮನೂ ಗೊಣಗುತ್ತ ಒಂದು ಅಂಚು ಹಿಡಿದು ಕೂತಳು. ರಾಹುಕಾಲ ಬಂದು, ಕಾದು, ಹೋಯಿತು. ನೆಲದ ಮೇಲೆ ಕೆಂಪು ದಾರದ ತುಂಡುಗಳು ಬಿದ್ದವು. ಮಡಿಲಲ್ಲಿ ರಾಣಿ ಹೋಗಿ ಬರೀ ಬಟ್ಟೆ ಉಳಿಯಿತು.

ಪಟಾಲಮ್ಮ ಅದನ್ನು ಬೆಳಕಿಗೆ ಹಿಡಿದು, ಹೊಲಿಗೆ ಒಂದೂ ಇಲ್ಲವೆಂದು ನೋಡಿ, "ಹ್ಞೂಂ," ಎಂದಳು.

ಎಲ್ಲಕ್ಕಿಂತ ಉದ್ದದ ತುಂಡನ್ನು ಎದೆಯಿಂದ ಪಾದದವರೆಗೆ ಹೊದಿಸಿದರು. ತಮಟೆ ಶುರುವಾಯಿತು. ನಾಲ್ವರು ಹೆಗಲು ಕೊಟ್ಟರು. ಫ್ಲೈಓವರ್ ಕಟ್ಟುತ್ತಿದ್ದ ಕಡೆಯ ದೂಳು ಗಾಳಿಯೊಂದಿಗೆ ಬೀದಿಗೆ ನುಗ್ಗಿತು. ಪಾದದ ಬಳಿ ಬಟ್ಟೆ ಸಡಿಲಾಗಿ ಚಟ್ಟದ ಆಚೆಗೆ ಇಳಿಬಿತ್ತು. ವರ್ಷಗಟ್ಟಲೆ ಮಡಿಚಿಟ್ಟಿದ್ದ ರೇಷ್ಮೆ ಹಳೆಯ ಗೆರೆಗಳಲ್ಲೇ ಮತ್ತೆ ನೆರಿಗೆಯಾಗಿ ನಿಂತಿತು. ಹೊತ್ತವರು ಹೆಜ್ಜೆ ಹಾಕಿದಂತೆಲ್ಲ ಆ ನೆರಿಗೆಗಳು ಅರಳಿ ಮುಚ್ಚಿ, ಅರಳಿ ಮುಚ್ಚಿ, ಯಾರೋ ಅವಸರವಿಲ್ಲದೆ ನಡೆದುಹೋಗುತ್ತಿರುವಂತೆ ಬೀದಿಯ ತಿರುವಿನವರೆಗೂ ಕಾಣುತ್ತಿದ್ದವು.