ಇಳಿಸಿದ ಜಾಗದಲ್ಲಿ ನಿಂತ ತಮಟೆ

ತಮಟೆ ಬಡಿದರೆ ಮನಸ್ಸಿನ ಭಾರ ಇಳಿಯುತ್ತದೆ ಎಂದು ಮಂಡ್ಯದ ಡಾಕ್ಟರು ಹೇಳಿದಾಗ ಬೆಸಗರಹಳ್ಳಿಯ ಕೆಂಪಯ್ಯನಿಗೆ ನಂಬಿಕೆ ಬರಲಿಲ್ಲ. ಆದರೂ ಮನೆದೇವರು ಮಾದಪ್ಪನ ಮೇಲೆ ಭಾರ ಹಾಕಿ ಮಗ ಸಂತೋಷನನ್ನು ಕರೆದುಕೊಂಡು ಹೋದ. ಸೊಸೆ ಚಂದನ ತೀರಿಹೋದ ಮೇಲೆ ಹುಡುಗ ಮಾತು ಬಿಟ್ಟಿದ್ದ, ಊಟ ಬಿಟ್ಟಿದ್ದ. ಒಂದು ದಿನ ನಾಲೆಯ ಏರಿಯ ಮೇಲೆ ಚಪ್ಪಲಿ ಕಳಚಿಟ್ಟು ನಿಂತಿದ್ದವನನ್ನು ಊರಿನವರು ಕೈಹಿಡಿದು ಕರೆತಂದಿದ್ದರು. ಅಂದಿನಿಂದ ಕೆಂಪಯ್ಯ ದೇವರಲ್ಲಿ ಕೇಳುತ್ತಿದ್ದುದು ಒಂದೇ ಮಾತು. ಇದೊಂದು ಜೀವ ಉಳಿಸಿಕೊಡು.

ಹನಕೆರೆಯ ಬಳಿ ಬೈಕು ಬಿದ್ದು ಚಂದನ ಸತ್ತಾಗ ಓಡಿಸುತ್ತಿದ್ದವನು ಸಂತೋಷನೇ. ಅವನಿಗೆ ಆಸ್ಪತ್ರೆಯಲ್ಲಿ ಪ್ರಜ್ಞೆ ಬರುವಷ್ಟರಲ್ಲಿ ಚಂದನಳ ತವರಿನವರು ಅವಳನ್ನು ಮಳವಳ್ಳಿ ಕಡೆಯ ತಮ್ಮ ಊರಿಗೆ ಕೊಂಡೊಯ್ದು ಮಣ್ಣು ಮಾಡಿದ್ದರು. "ನಮ್ ಮಗಳು ನಮ್ ಮಣ್ಗೇ ಬರ್ಲಿ" ಎಂದುಬಿಟ್ಟಿದ್ದರು. ಕೆಂಪಯ್ಯ ತಲೆ ತಗ್ಗಿಸಿ ಚಟ್ಟದ ಹಿಂದೆ ನಡೆದಿದ್ದ. ಗಂಡನಾದವನಿಗೆ ಆ ನಾಲ್ಕು ಹೆಜ್ಜೆಯೂ ಸಿಕ್ಕಿರಲಿಲ್ಲ.

ಮಂಡ್ಯದ ಸಭಾಂಗಣವೊಂದರಲ್ಲಿ ವಾರಕ್ಕೊಮ್ಮೆ ನೊಂದವರೆಲ್ಲ ಚಾಪೆಯ ಮೇಲೆ ಸುತ್ತ ಕೂರುತ್ತಿದ್ದರು. ಎಲ್ಲರ ಮುಂದೂ ಒಂದೊಂದು ತಮಟೆ. ನಡೆಸುವವಳು ಪ್ರಿಯಾಂಕ, ಮನಸ್ಸಿನ ವಿಚಾರ ಓದಿದ ಮಂಡ್ಯದ ಹುಡುಗಿ. ಮೊದಲು ಕಣ್ಣು ಮುಚ್ಚಿ ತಮ್ಮ ತಮ್ಮ ಉಸಿರು ನೋಡಿಕೊಳ್ಳಬೇಕು. ಆಮೇಲೆ ಒಬ್ಬರು ಬಡಿತ ಶುರುಮಾಡಿದರೆ ಉಳಿದವರು ಅದನ್ನೇ ಹಿಡಿಯಬೇಕು. ಯಾರ ಕೈಯನ್ನೂ ತಡೆಯಬಾರದು. ಅದು ಅಲ್ಲಿಯ ಕಟ್ಟಳೆ.

"ಮನೇಲಿ ಪಾತ್ರೆ ಸದ್ದಾದ್ರೆ ಸೊಸೆ ಬೈತಾಳೆ, ಇಲ್ಲಿ ಬಡೀರಿ ಬಡೀರಿ ಅಂತಾರೆ" ಎಂದು ನಿದ್ದೆ ಬಾರದ ಕಾಯಿಲೆಗೆಂದು ಮದ್ದೂರಿನಿಂದ ಬರುತ್ತಿದ್ದ ಬಿಬಿ ಜಾನ್ ಹೇಳಿದಳು.

"ಸೊಸೇನೂ ಕರ್ಕಂಡ್ ಬಾ ಕಣಮ್ಮ, ತಮಟೆ ಬದ್ಲು ಅವಳ್ನೇ ಮುಂದಿಟ್ಕಳವಾ" ಎಂದಳು ಪಕ್ಕದ ಪುಟ್ಟಮಾದಮ್ಮ.

ಎಲ್ಲರೂ ನಕ್ಕರು. ಸಂತೋಷ ನಗಲಿಲ್ಲ. ವಾರಗಟ್ಟಲೆ ಅವನು ತಮಟೆ ಮುಟ್ಟಿರಲೂ ಇಲ್ಲ. ಆ ಮಧ್ಯಾಹ್ನ ಮಾತ್ರ ಅವನ ಬೆರಳು ಚರ್ಮದ ಮೇಲೆ ಆಡಿದವು. ಎರಡು ಪೆಟ್ಟು, ಬಿಡುವು, ಒಂದು ಪೆಟ್ಟು. ನಿಧಾನವಾದ, ಕಾಲೆಳೆದು ನಡೆದಂಥ ಬಡಿತ. ಒಬ್ಬೊಬ್ಬರೇ ಅದನ್ನು ಹಿಡಿದರು. ಗೋಡೆಗೊರಗಿ ಕೂತಿದ್ದ ಕೆಂಪಯ್ಯ ಗುರುತು ಹಿಡಿದ. ಅದು ಹೆಣದ ಮುಂದೆ ಬಡಿಯುವ ಬಡಿತ.

ಪುಟ್ಟಮಾದಮ್ಮನ ಕೈ ನಿಂತುಹೋಯಿತು. ಸೆರಗು ತಲೆಗೆಳೆದುಕೊಂಡು ಬಾಗಿಲ ಕಡೆ ನೋಡಿ, "ಯಾರ್ದವ್ವಾ ಸಾವು?" ಎಂದಳು. ಉಳಿದವರಿಗೆ ಅದು ಕೇಳಿಸಲೂ ಇಲ್ಲ. ಮಗನನ್ನು ತಡೆಯಬೇಕೆಂದು ಕೆಂಪಯ್ಯ ಅರ್ಧ ಎದ್ದ. ಆದರೆ ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ರಕ್ತ ಆಡುತ್ತಿತ್ತು. ಕೂತುಬಿಟ್ಟ.

ಸಂತೋಷ ತಟ್ಟನೆ ನಿಲ್ಲಿಸಿದ. ಎಲ್ಲಿ ನಿಲ್ಲಿಸಿದ ಎಂಬುದು ಕೆಂಪಯ್ಯನಿಗೆ ತಿಳಿಯಿತು. ಸ್ಮಶಾನದ ದಾರಿಯಲ್ಲಿ ಒಂದು ಕಡೆ ಚಟ್ಟ ಇಳಿಸಿ, ತಲೆ ಕಾಲಿನ ದಿಕ್ಕು ಬದಲಿಸಿ, ಮತ್ತೆ ಎತ್ತುತ್ತಾರೆ. ಇಳಿಸಿದಾಗ ತಮಟೆ ನಿಲ್ಲುತ್ತದೆ, ಎತ್ತಿದಾಗ ಬಿರುಸಾಗಿ ಮೊದಲಾಗುತ್ತದೆ. ಸಂತೋಷ ಇಳಿಸಿದ್ದ, ಎತ್ತಲಿಲ್ಲ.

"ಅದು ಸಾವಿನ ಬಡ್ತ ಕಣವ್ವ" ಎಂದ ಕೆಂಪಯ್ಯ, ಪ್ರಿಯಾಂಕಳನ್ನು ಪಕ್ಕಕ್ಕೆ ಕರೆದು.

"ಗೊತ್ತು ತಾತ. ನಮ್ಮಜ್ಜಿ ಹೋದಾಗ ಕೇಳಿದ್ದೀನಿ. ಒಳಗಿರೋದು ಹೊರಗೆ ಬರಲಿ ಅಂತಲೇ ಬಿಟ್ಟೆ. ನೀವು ಮಾತ್ರ ಅವರನ್ನ ಒಬ್ಬರನ್ನೇ ಬಿಡಬೇಡಿ."

ಬಸ್ಸಿನಲ್ಲಿ ಮಗ ತಾನಾಗಿ ಮಾತಾಡಿದ. "ಅಪ್ಪ, ಇಳ್ಸುದ್ ಮೇಲೆ ಎಂಗ್ ಬಡುದ್ರು?"

"ಜ್ಞಾಪ್ಕಿಲ್ಲ ಬುಡ್ಲಾ" ಎಂದ ಕೆಂಪಯ್ಯ. ಸುಳ್ಳು ಹೇಳಿದ್ದ. ಅಲ್ಲಿಂದ ಮುಂದೆ ಇರುವುದು ಗುಂಡಿಯೊಂದೇ.

ಆಮೇಲೆ ಸಂತೋಷ ಹೊಟ್ಟೆ ತುಂಬ ಉಂಡ. ಗಡ್ಡ ತೆಗೆಸಿದ. ಊರಿನವರು ದೇವರು ಕಣ್ಣು ಬಿಟ್ಟ ಎಂದರು. ಕೆಂಪಯ್ಯನಿಗೆ ಮಾತ್ರ ದಿನದಿನಕ್ಕೂ ಭಯ ಹೆಚ್ಚಿತು. ಲೋಟದ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ಹಸುವಿನ ಬೆನ್ನಿನ ಮೇಲೆ ಮಗನ ಬೆರಳು ಬಡಿಯುತ್ತಲೇ ಇದ್ದವು, ಅದೇ ಜಾಗಕ್ಕೆ ಬಂದು ನಿಲ್ಲುತ್ತಲೇ ಇದ್ದವು. ಸಮಾಧಾನವೂ ಒಂದೊಂದು ಸಲ ಲೋಕ ಬಿಟ್ಟು ಹೊರಟು ನಿಂತವರದಾಗಿರುತ್ತದೆ ಎಂಬುದನ್ನು ಮುದುಕ ಬಲ್ಲ.

ಒಂದು ದಿನ ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಮನೆ ಖಾಲಿ. "ಮಳವಳ್ಳಿಗೋಯ್ತೀನಿ ಅಂತ ಬಸ್ ಅತ್ತುದ್ನಲ್ಲ, ನಗ್ನಗ್ತಾನೇ ಇದ್ದ" ಎಂದ ಪಕ್ಕದ ಮನೆಯ ಶಿವರಾಮು. ಕೆಂಪಯ್ಯ ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿದ.

ಅವನು ಚಂದನಳ ತವರೂರು ಮುಟ್ಟಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಸ್ಮಶಾನದ ಲಂಟಾನದ ನಡುವೆ ಚಂದನಳ ಗುಡ್ಡೆಯ ಪಕ್ಕ ಸಂತೋಷ ಕೂತಿದ್ದ. ಗುಡ್ಡೆಯ ಮೇಲಿನ ಕಳೆ ಕಿತ್ತು ಚೊಕ್ಕ ಮಾಡಿದ್ದ. ಅಷ್ಟಕ್ಕೆ ಬಿಟ್ಟಿರಲಿಲ್ಲ. ಅದರ ಮಗ್ಗುಲಿಗೆ ಇನ್ನೊಂದು ಜಾಗವನ್ನೂ ಹಸನು ಮಾಡಿದ್ದ, ಸರಿಯಾಗಿ ಒಂದಾಳುದ್ದ. ಎರಡು ಅಂಗೈಯಲ್ಲೂ ನೆಲ ಬಡಿಯುತ್ತಿದ್ದ. ಬಡಿತ ನಿಂತಿತು.

"ಬಂದ್ಯಾ" ಎಂದ. "ನೀ ಮನೆಗೋಗಪ್ಪ. ನಾ ಇಲ್ಲೇ ಇರ್ತೀನಿ."

ಈ ಸಲ ಕೆಂಪಯ್ಯ ದೇವರನ್ನು ಕರೆಯಲಿಲ್ಲ. ಹೆಗಲ ಟವೆಲು ಕೊಡವಿ, ಮಗ ಹಸನು ಮಾಡಿದ ಜಾಗದಲ್ಲಿ ಉದ್ದಕ್ಕೆ ಮಲಗಿಬಿಟ್ಟ. ಬೆನ್ನಿಗೆ ಮಣ್ಣು ತಣ್ಣಗೆ ತಾಗಿತು.

"ಏಳಪ್ಪ, ಏನಿದು?"

"ನನ್ನಳತೆಗೇ ಮಾಡಿದ್ದೀಯ ಕಣ್ಲಾ. ಹಿರೀಕ ನಾನಿವ್ನಿ. ಸರದಿ ಬುಟ್ಟು ನುಗ್ಬೇಡ."

"ಏಳು ಅಂದ್ನಲ್ಲ."

"ನೀ ಎದ್ರೆ ಏಳ್ತೀನಿ. ಇಲ್ದಿದ್ರೆ ಮೇಲೆ ಮಣ್ಣೆಳಿ, ಅಲ್ಲಿಂದ ಮುಂದಕ್ಕೆ ಎಂಗ್ ಬಡ್ಯದು ಅಂತ ಮಲ್ಗಿದ್ದಂಗೇ ಯೋಳ್ಕೊಡ್ತೀನಿ."

ಸಂತೋಷ ತಂದೆಯ ಮುಖ ನೋಡುತ್ತಾ ಕೂತ. ಬಿಸಿಲು ಗುಡ್ಡೆಯಿಂದ ಜಾರಿತು. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಆಸ್ಪತ್ರೆಯಿಂದ ಬಂದಂದಿನಿಂದ ಅವನು ಅತ್ತಿರಲಿಲ್ಲ. ಅತ್ತು ಮುಗಿಸಿ ಎದ್ದು, ಕೈ ಚಾಚಿ ಮುದುಕನನ್ನು ಎಬ್ಬಿಸಿದ. ಆ ಅಂಗೈ ಊದಿಕೊಂಡು ಕೆಂಡದ ಹಾಗೆ ಸುಡುತ್ತಿತ್ತು.

ಕೆಂಪಯ್ಯ ಆ ಕೈ ಬಿಡದೆ ರಸ್ತೆಗೆ ನಡೆಸಿದ. ನಾಳೆ ಬೆಳಗ್ಗೆಯೇ ಮಂಡ್ಯದ ಡಾಕ್ಟರ ಮುಂದೆ ಕೂರಿಸಬೇಕು ಎಂದುಕೊಂಡ. ಲಂಟಾನದ ಪೊದೆ ದಾಟುವಾಗ ಸಂತೋಷ ಒಮ್ಮೆ ತಿರುಗಿ ಆ ಹಸನಾದ ಜಾಗ ನೋಡಿದ, ಬಸ್ಸಿನ ಸೀಟಿಗೆ ಟವೆಲು ಹಾಕಿ ಕೆಳಗಿಳಿದವನು ತಿರುಗಿ ನೋಡುವ ಹಾಗೆ. ಕೆಂಪಯ್ಯ ಹಿಡಿತ ಬಿಗಿ ಮಾಡಿದ.